ಓವನ್ ಬಾಗಿಲಿಗೊಂದು ಕುರ್ಚಿ

ನಮ್ಮನೆ ಓವನ್ನಿನ ಕೊಂಡಿ ಮುರಿದು ಎಷ್ಟೋ ಕಾಲವಾಗಿದೆ. ಒಳಗೆ ಏನಾದರೂ ಬೇಯಬೇಕಾದರೆ ಬಾಗಿಲಿಗೆ ಕುರ್ಚಿ ಒತ್ತಿಟ್ಟು, ಅದರ ಮೇಲೆ ಯಾರಾದರೂ ಕೂರಬೇಕು. ಎದ್ದರೆ ಬಾಗಿಲು ಬಾಯಿ ಬಿಡುತ್ತದೆ. ಸಾಮಾನ್ಯವಾಗಿ ಆ ಶಿಕ್ಷೆ ನನ್ನದೇ.

ಅಪ್ಪ ದರ್ಜಿ. ಅಕ್ಕ ಅವನ ಬಲಗೈಯಾಗಿದ್ದಳು. ಹೋದ ವರ್ಷ ಅವಳು ಎದುರಿನ ರೆಡಿಮೇಡ್ ಅಂಗಡಿಗೆ ಸೇರಿದ್ದೇ ಸೇರಿದ್ದು, ಅಪ್ಪ ಮಾತು ಬಿಟ್ಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಬೇರೆ ಮನೆ ಮಾಡಿಕೊಂಡಿದ್ದ ಅವಳು ಊಟಕ್ಕೆ ಬಂದರೆ ಸಾಕು, ಹಿತ್ತಿಲ ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದ. ಇಬ್ಬರ ನಡುವೆ ಸಿಕ್ಕಿ ನನಗೂ ಸಾಕುಸಾಕಾಗಿತ್ತು.

"ಇವತ್ತೂ ಮಾತಾಡಿಸ್ಲಿಲ್ಲ ಅಂದ್ರೆ ನಾನಿನ್ನು ಬರಲ್ಲ ಕಣೇ" ಎಂದು ಆ ಭಾನುವಾರ ಬೆಳಿಗ್ಗೆ ಅಕ್ಕ ಫೋನಿನಲ್ಲಿ ಅತ್ತಿದ್ದಳು. ಅಮ್ಮನಿಗೆ ಹೇಳಿದೆ. ಅಮ್ಮ ಅಕ್ಕನಿಗಿಷ್ಟವಾದ ಪಾಸ್ತಾ ಬೇಯಲು ಹಾಕಿದಳು.

ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ಬಸಿದು, ಬೆಳ್ಳುಳ್ಳಿ ಹಾಕಿ ಕುದಿಸಿದ ಟೊಮೆಟೊ ಸಾಸ್, ಹುರಿದ ಅಣಬೆ, ಹಾಲು-ಮೈದಾದ ಬಿಳಿ ಸಾಸ್ ಎಲ್ಲ ಬೆರೆಸಿ, ಮೇಲೆ ಧಾರಾಳವಾಗಿ ಚೀಸ್ ತುರಿದೆವು. ದೊಡ್ಡ ಗಾಜಿನ ಪಾತ್ರೆ ಓವನ್ ಸೇರಿತು.

"ರೀ, ಸ್ವಲ್ಪ ಬಂದು ಕೂತ್ಕೊಳ್ಳಿ. ಇವಳ ಭಾರಕ್ಕೆ ಬಾಗಿಲು ನಿಲ್ತಿಲ್ಲ" ಎಂದು ಅಮ್ಮ ಕೂಗಿದಳು. ಅಪ್ಪ ಬಂದು ಕೂತ.

ಅಷ್ಟರಲ್ಲಿ ಅಕ್ಕ ಒಳಗೆ ಬಂದಳು. ಅಪ್ಪ ಅರ್ಧ ಎದ್ದ.

"ಎದ್ದೀರಿ, ಜೋಕೆ! ಮಾಡಿದ್ದೆಲ್ಲ ಹಾಳಾಗುತ್ತೆ. ಮನೆಮಂದಿಯೆಲ್ಲ ಉಪವಾಸ" ಎಂದಳು ಅಮ್ಮ.

ಅಪ್ಪ ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಾದ. ಮುಖ ಗೋಡೆಗೆ ತಿರುಗಿಸಿದರೂ ಕಣ್ಣು ಅಕ್ಕನ ಅಂಗಿಯ ಮೇಲೇ ಇತ್ತು. ಆ ಅಂಗಡಿಯದೇ ಅಂಗಿ.

"ತೋಳು ಹೀಗಾ ಕೂರಿಸೋದು?" ಎಂದು ಗೋಡೆಯನ್ನು ಕೇಳಿದ.

"ಅಲ್ಲಿ ಎಲ್ಲಾ ಹೊಲಿದೇ ಬರುತ್ತೆ ಅಪ್ಪ. ನಾನು ಬರೀ ಮಡಚಿಡ್ತೀನಿ."

"ಅಂಥಾ ಕೈ ಇಟ್ಕೊಂಡು ಮಡಚೋದಾ?"

ಅಕ್ಕನ ಕಣ್ಣು ತುಂಬಿತು. "ಇಲ್ಲಿದ್ದಾಗ ಒಂದಿನನಾದ್ರೂ ಕೈ ಚೆನ್ನಾಗಿದೆ ಅಂದಿದ್ರಾ?"

ಓವನ್ ಒಳಗೆ ಸಾಸ್ ಕೊತಕೊತ ಕುದಿಯುವುದು ಕೇಳುತ್ತಿತ್ತು.

"ಹೊಗಳಿದ್ರೆ ತಲೆ ಮೇಲೆ ಕೂರ್ತೀಯ ಅಂತ ಸುಮ್ನಿದ್ದೆ" ಎಂದ ಅಪ್ಪ, ಗೋಡೆ ಬಿಟ್ಟು ಅವಳತ್ತ ತಿರುಗಿ. "ತಪ್ಪಾಯ್ತು. ಬಾ, ತೋಳು ತೋರ್ಸು."

ಅಕ್ಕ ಸ್ಟೂಲ್ ಎಳೆದುಕೊಂಡಳು. ಅಪ್ಪ ಕಾಲರಿನಲ್ಲಿ ಸದಾ ಸಿಕ್ಕಿಸಿಕೊಂಡಿರುವ ಸೂಜಿ ತೆಗೆದು ಹೊಲಿಗೆ ಬಿಚ್ಚತೊಡಗಿದ. ಬೈಯುತ್ತಲೇ ಬಿಚ್ಚಿದ, ಬೈಯುತ್ತಲೇ ಹೊಲಿದ. ಅಕ್ಕ ಅಳುತ್ತ ನಗುತ್ತಿದ್ದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಮ್ಮ ಸದ್ದಿಲ್ಲದೆ ಕೈ ಚಾಚಿ ಓವನ್ ಆರಿಸಿದಳು.

ಆದರೆ ಸಂತೋಷ ಹೊಟ್ಟೆ ತುಂಬಿಸುತ್ತದೆಯೇ? ಚೀಸಿನ ಘಮಕ್ಕೆ ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಕೊನೆಗೆ ತಡೆಯಲಾರದೆ ಬಾಯಿ ಬಿಟ್ಟೆ. "ಅಪ್ಪ, ಎದ್ದೇಳಿ. ಓವನ್ ಆರಿಸಿ ಎಷ್ಟೋ ಹೊತ್ತಾಯ್ತು."

"ನನ್ನ ಬೆನ್ನಿಗೆ ಗೊತ್ತಿಲ್ವಾ?" ಅಪ್ಪ ದಾರ ಕಚ್ಚಿ ತುಂಡರಿಸಿದ. "ಇನ್ನೂ ಒಂದು ತೋಳಿದೆ, ಸುಮ್ನಿರು."

ಅಕ್ಕ ಇನ್ನೊಂದು ಕೈ ಮುಂದೆ ಚಾಚಿದಳು.