ಮೂರನೇ ಸ್ಕ್ರೂ

ನಾನು ಕಾರಿನ ಸೀಟು ಹೊಲಿಯುವವನು. ಎಂಜಿನ್ನಿಗೂ ನನಗೂ ಎಣ್ಣೆ ಸೀಗೇಕಾಯಿ. ಯಾರಾದರೂ ಬಾನೆಟ್ ಎತ್ತಿದರೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ. ಮನೆಯಲ್ಲಿ ನನಗೆ ಪುಕ್ಕಲಪ್ಪ ಎಂದೇ ಹೆಸರು. ಇಟ್ಟವಳು ಮಗಳು, ಏಳನೇ ವಯಸ್ಸಿನಲ್ಲಿ. ಕೇಳಿ ಬಿದ್ದು ಬಿದ್ದು ನಕ್ಕವಳು ಹೆಂಡತಿ.

ಅಂಥವನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಹಳದಿ ಸ್ಪೋರ್ಟ್ಸ್ ಕಾರು ಕೊಂಡಳು. ಸಾಲದ್ದಕ್ಕೆ, ಆ ಭಾನುವಾರ ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಹೆಸರೂ ಕೊಟ್ಟಳು. ಡ್ರೈವರ್ ಕೈಗೆ ಎಟುಕುವಂತೆ ಬೆಂಕಿ ಆರಿಸುವ ಸಿಲಿಂಡರನ್ನು ಭದ್ರವಾಗಿ ಬಿಗಿದಿರಬೇಕು, ಇಲ್ಲದಿದ್ದರೆ ಗೇಟಿನಿಂದಲೇ ವಾಪಸ್ ಎಂಬುದು ಅಲ್ಲಿನ ನಿಯಮ. ಅದನ್ನು ಕೇಳಿ ಮನೆಯಲ್ಲಿ ಖುಷಿಪಟ್ಟವನು ನಾನೊಬ್ಬನೇ. ಸಿಲಿಂಡರ್ ತಂದವನೂ ನಾನೇ, ಬಿಗಿಯುತ್ತೇನೆ ಎಂದವನೂ ನಾನೇ.

ಬೆಳಗ್ಗೆ ಎಂಟಕ್ಕೆ ಮಗಳು ಕಾರನ್ನು ನನ್ನ ಅಂಗಡಿಯೊಳಗೆ ತಂದು ನಿಲ್ಲಿಸಿದಳು.

"ಅಪ್ಪಾ, ಅರ್ಧ ಗಂಟೇಲಿ ಮುಗಿಸ್ಬೇಕು. ಒಂಬತ್ತಕ್ಕೆ ನಾನು ಗೇಟಲ್ಲಿರ್ಬೇಕು."

ಕೆಲಸವೇನೂ ಕಷ್ಟದ್ದಲ್ಲ. ಪಕ್ಕದ ಸೀಟು ಕಳಚಿ, ಅದರ ಮುಂದಿನ ಎರಡು ಬೋಲ್ಟುಗಳಿಗೇ ಒಂದು ಕಬ್ಬಿಣದ ಪಟ್ಟಿ ಕೊಟ್ಟು ಬಿಗಿದರೆ ಹೊಸ ತೂತು ಕೊರೆಯುವುದೇ ಬೇಡ. ಹಾಗೇ ಮಾಡಿದೆ. ಪಟ್ಟಿಯ ಮೇಲೆ ಕ್ಲಾಂಪು, ಕ್ಲಾಂಪಿನೊಳಗೆ ಎರಡು ಕಿಲೋ ತೂಕದ ಕೆಂಪು ಸಿಲಿಂಡರ್. ಎರಡೂ ಕೈಯಲ್ಲಿ ಹಿಡಿದು ಎಳೆದೆ, ಅಲುಗಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಇದನ್ನೆಲ್ಲ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಆದರೆ ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಕಾರು ಪಲ್ಟಿ ಹೊಡೆದು, ಸಿಲಿಂಡರ್ ಕಿತ್ತು ಬಂದು ಅವಳ ಹಣೆಗೆ ಬಡಿಯುವುದು ಕಣ್ಣಿಗೆ ಕಟ್ಟಿದಂತಿತ್ತು.

"ನೆಲಕ್ಕೆ ಇನ್ನೊಂದು ಸ್ಕ್ರೂ ಹಾಕ್ಬಿಡ್ತೀನಿ" ಎಂದೆ.

"ಎರಡು ಬೋಲ್ಟು ಸಾಕು ಅಂತ ನಿಯಮದಲ್ಲೇ ಬರ್ದಿದಾರಲ್ಲ ಅಪ್ಪಾ."

"ಬರ್ದವ್ರ ಮಗಳು ಓಡಿಸ್ತಾಳಾ?"

ಡ್ರಿಲ್ಲಿನ ಮೊನೆಗೆ ನಾನು ಯಾವಾಗಲೂ ಟೇಪು ಸುತ್ತುತ್ತೇನೆ. ಟೇಪು ತಗಡಿಗೆ ತಾಗಿದರೆ ನಿಲ್ಲಿಸಬೇಕು ಎಂಬುದು ಗುರುತು. ಕೊರೆಯುವ ಮೊದಲು ಕಾರನ್ನು ಎತ್ತಿ, ಅಡಿಯಲ್ಲಿ ಏನಿದೆ ಎಂದು ನೋಡಿಕೊಳ್ಳುವುದೂ ವಾಡಿಕೆ. ಈ ಕಾರು ಎಷ್ಟು ತಗ್ಗೆಂದರೆ ನನ್ನ ಜಾಕ್ ಅದರಡಿ ತೂರಲೇ ಇಲ್ಲ. ಮಗಳು ಗಡಿಯಾರ ನೋಡುತ್ತಿದ್ದಳು. ಟೇಪು ಇದೆಯಲ್ಲ ಎಂದುಕೊಂಡು ಒತ್ತಿದೆ. ತಗಡು ಬಿಟ್ಟುಕೊಟ್ಟಿತು. ಆಮೇಲೆ ಮೊನೆ ಇನ್ನೇನೋ ಮೆತ್ತನೆಯದರೊಳಗೆ ಇಳಿದಂತಾಯಿತು. ತುಕ್ಕು ಹಿಡಿಯದಿರಲೆಂದು ಅಡಿಗೆ ಬಳಿದ ಡಾಂಬರಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಸ್ಕ್ರೂ ಬಿಗಿದೆ. ಸೀಟು ಕೂರಿಸಿದೆ. ಮಗಳು ಕೈಬೀಸಿ ಹೊರಟಳು.

ಡ್ರಿಲ್ ಎತ್ತಿಡುವಾಗ ಕಂಡಿತು: ಟೇಪು ಒಂದು ಬೆರಳಿನಷ್ಟು ಮೇಲಕ್ಕೆ ಜಾರಿತ್ತು. ಮೊನೆ ಒದ್ದೆಯಾಗಿತ್ತು. ಮೂಗಿನ ಹತ್ತಿರ ತಂದೆ. ಪೆಟ್ರೋಲ್.

ನನ್ನ ಅಂಗಡಿಯಲ್ಲಿರುವುದು ರೆಕ್ಸಿನ್, ಸ್ಪಂಜು, ದಾರ. ಪೆಟ್ರೋಲನ್ನು ನಾನು ಹೊಸ್ತಿಲು ದಾಟಿಸುವುದಿಲ್ಲ. ಕಾರು ನಿಂತಿದ್ದಲ್ಲಿ ಅಂಗೈಯಗಲದ ಒಂದು ಕಲೆ, ಅಲ್ಲಿಂದ ಬಾಗಿಲಿನವರೆಗೆ ಚುಕ್ಕಿ ಚುಕ್ಕಿ. ಹಿಂದಿನ ಟ್ಯಾಂಕಿನಿಂದ ಮುಂದಿನ ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ಪ್ಲಾಸ್ಟಿಕ್ ಪೈಪು ಕಾರಿನ ಅಡಿಯಲ್ಲೇ ಹೋಗುತ್ತದೆ. ಅದರ ಪಕ್ಕದಲ್ಲೇ ಕಾದು ನಿಗಿನಿಗಿ ಎನ್ನುವ ಸೈಲೆನ್ಸರ್ ಪೈಪು. ಬೆಂಕಿ ಆರಿಸುವ ಸಾಮಾನು ಬಿಗಿಯಲು ಹೋಗಿ ನಾನು ಪೆಟ್ರೋಲ್ ಪೈಪಿಗೆ ತೂತು ಕೊರೆದಿದ್ದೆ. ತೂತನ್ನು ಸ್ಕ್ರೂವಿನಿಂದ ಅರೆಬರೆ ಮುಚ್ಚಿ, ಮಗಳನ್ನು ಕಳಿಸಿಕೊಟ್ಟಿದ್ದೆ.

ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು. ಗಾಡಿ ಓಡಿಸುವಾಗ ಯಾರು ಫೋನ್ ಮಾಡಿದರೂ, ನಾನೇ ಮಾಡಿದರೂ ಎತ್ತಕೂಡದು ಎಂದು ಅವಳಿಂದ ಆಣೆ ಮಾಡಿಸಿಕೊಂಡವನು ನಾನೇ.

ಅಂಗಡಿಯ ಮೂಲೆಯಲ್ಲಿ ಸೀಟಿನ ಕವರು ಹೊಲಿಯುತ್ತಿದ್ದ ಹೆಂಡತಿ ಮಿಷಿನ್ ಬಿಟ್ಟು ಎದ್ದು ಬಂದಳು. ತೊದಲುತ್ತಾ ಹೇಳಿದೆ. ನಕ್ಕು, ನಿಮಗೊಂದು ಹುಚ್ಚು ಎನ್ನಲಿ ಎಂದು ಕಾದೆ. ಅವಳು ನಗಲಿಲ್ಲ. ಬಗ್ಗಿ ನೆಲದ ಕಲೆಯನ್ನು ಬೆರಳಲ್ಲಿ ಒರೆಸಿ ಮೂಸಿ, "ಸ್ಕೂಟರ್ ಕೀ ಕೊಡಿ" ಎಂದಳು.

"ನಾನು ಓಡಿಸ್ತೀನಿ."

"ನಿಮ್ ಕೈ ನೋಡ್ಕೊಳ್ಳಿ ಮೊದ್ಲು. ಹಿಂದೆ ಕೂತ್ಕೊಂಡು ಫೋನ್ ಮಾಡ್ತಾ ಇರಿ."

ಹನ್ನೊಂದು ಕಿಲೋಮೀಟರ್ ದಾರಿ. ಪ್ರತಿ ತಿರುವಿನಲ್ಲೂ ನಾನು ರಸ್ತೆ ನೋಡಲಿಲ್ಲ, ಆಕಾಶ ನೋಡಿದೆ. ಒಂದು ಕಡೆ ಮರಗಳ ಹಿಂದೆ ಕಪ್ಪು ಹೊಗೆ ಏಳುತ್ತಿತ್ತು. ಹತ್ತಿರ ಹೋದರೆ ಯಾರೋ ಹಳೇ ಟೈರು ಸುಡುತ್ತಿದ್ದರು. ಆ ಪುಣ್ಯಾತ್ಮರನ್ನು ಬಾಯಿಗೆ ಬಂದಂತೆ ಬೈದೆ. ಇಪ್ಪತ್ತು ಸಲ ಫೋನ್ ಮಾಡಿರಬೇಕು.

"ಏನಾದ್ರೂ ಮಾತಾಡ್ರೀ" ಎಂದಳು ಹೆಂಡತಿ. "ನೀವು ಸುಮ್ನಿದ್ರೆ ನಂಗೆ ಇನ್ನೂ ಭಯ ಆಗತ್ತೆ."

ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಅವಳ ಭುಜ ಹಿಡಿದುಕೊಂಡು ಇನ್ನೊಂದು ಸಲ ಫೋನ್ ಒತ್ತಿದೆ.

ಟ್ರ್ಯಾಕಿನ ಗೇಟಿನ ಮುಂದೆ ಕಾರುಗಳ ಸಾಲು, ಎಲ್ಲದರ ಎಂಜಿನ್ನೂ ಗುರುಗುಟ್ಟುತ್ತಿತ್ತು. ಹಳದಿ ಕಾರು ನಾಲ್ಕನೆಯದು. ಅದರಡಿ ನೆಲ ಕಪ್ಪಗೆ ಒದ್ದೆಯಾಗಿತ್ತು. ಸ್ಕೂಟರ್ ನಿಲ್ಲುವ ಮೊದಲೇ ಧುಮುಕಿ, ಎಡವಿ, ಎದ್ದು ಓಡಿದೆ. ಕೂಗಿದವಳು ಹಿಂದಿನಿಂದ ನನ್ನ ಹೆಂಡತಿ: "ಎಂಜಿನ್ ಆಫ್ ಮಾಡೇ! ಇಳಿಯೇ ಕೆಳಗೆ!"

ಎಂಜಿನ್ ನಿಂತಿತು. ಬಾಗಿಲು ತೆಗೆದು ಮಗಳನ್ನು ಎಳೆದೆ, ಬೆಲ್ಟು ಬಿಚ್ಚದೆ ಎಳೆಯುತ್ತಿದ್ದೇನೆ ಎಂಬುದೂ ತಿಳಿಯಲಿಲ್ಲ. ಅವಳೇ ಬಿಚ್ಚಿಕೊಂಡು ಇಳಿದಳು. ಮೂವರೂ ದೂರ ಓಡಿ ನಿಂತೆವು. ಸುತ್ತಲಿನ ಕಾರುಗಳನ್ನು ಸರಿಸಿದರು. ಗೇಟಿನ ತಪಾಸಣೆಯವನು ಟಾರ್ಚು ಹಿಡಿದು ನೆಲಕ್ಕೆ ಮಲಗಿ ಇಣುಕಿ, ಥಟ್ಟನೆ ಎದ್ದ.

"ಸೈಲೆನ್ಸರ್ ಪೈಪಿಗೆ ನಾಲ್ಕು ಬೆರಳು ದೂರದಲ್ಲಿ ಸೋರ್ತಾ ಇದೆ" ಎಂದ. "ಟ್ರ್ಯಾಕಲ್ಲಿ ಒಂದು ಸುತ್ತು ಹೊಡ್ದಿದ್ರೆ ಕಾರು ಉಳೀತಿರ್ಲಿಲ್ಲ. ಯಾರು ಸ್ವಾಮಿ ಇಲ್ಲಿ ಸ್ಕ್ರೂ ಹೊಡ್ದಿದ್ದು?"

"ನಾನೇ" ಎಂದೆ. "ಅವಳಪ್ಪ."

ಮಗಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವಳು ಅಮ್ಮನ ತೋಳು ಹಿಡಿದು ನಿಂತಿದ್ದಳು, ತುಟಿ ಬಿಳಚಿಕೊಂಡಿತ್ತು.

"ನಿಂಗೆ ವಾಸನೆ ಬರ್ಲಿಲ್ವೇನೇ?" ಎಂದು ಕೇಳಿದೆ.

"ಬಂತು. ನಮ್ ಬೀದಿ ದಾಟೋ ಮೊದ್ಲೇ ಬಂತು."

"ಮತ್ತ್ಯಾಕೆ ನಿಲ್ಲಿಸ್ಲಿಲ್ಲ?"

ಅವಳು ಅಮ್ಮನ ತೋಳು ಬಿಟ್ಟು ನನ್ನ ಕಡೆ ತಿರುಗಿದಳು.

"ನಿಲ್ಸೋಕೆ ಅಂತ ಬ್ರೇಕ್ ಮೇಲೆ ಕಾಲಿಟ್ಟಿದ್ದೆ ಅಪ್ಪಾ. ಚಿಕ್ಕವಳಿದ್ದಾಗಿಂದ ಎಲ್ಲಿಗೆ ಹೊರಟ್ರೂ ನೀನು ಏನೋ ಸುಟ್ಟ ವಾಸನೆ ಅಂತ ನಾಲ್ಕು ಕಡೆ ನಿಲ್ಲಿಸ್ತಿದ್ದೆ, ಒಂದು ಸಲಾನೂ ಏನೂ ಇರ್ತಿರ್ಲಿಲ್ಲ. ಅಯ್ಯೋ, ನಾನೂ ನಿನ್ ಥರಾನೇ ಆಗೋದ್ನಲ್ಲ ಅನ್ನಿಸ್ತು. ಅದಕ್ಕೇ ಕಿಟಕಿ ಇಳಿಸ್ಕೊಂಡು, ಇನ್ನೂ ಜೋರಾಗಿ ಓಡಿಸ್ದೆ."