ಚೌಡಪ್ಪನ ಇಸ್ತ್ರಿಪೆಟ್ಟಿಗೆ

ನಾನು ಏಳು ಕಿಲೋ ತೂಕದ ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ. ನನ್ನನ್ನು ಎರಕ ಹೊಯ್ದವನು ಹೊಟ್ಟೆಗೆ ಕೆಂಡ ತುಂಬಿ ನೋಡಿ, "ಮೂರು ತಲೆಮಾರು ಬಾಳ್ತದೆ" ಎಂದಿದ್ದ. ಬಾಳುವುದೇನೋ ಬಾಳಿದೆ. ಬಾಳಿ ಸುಖವೇನು ಎಂದು ಆ ಪುಣ್ಯಾತ್ಮ ಹೇಳಲಿಲ್ಲ.

ತುಮಕೂರಿನ ಚೌಡಪ್ಪನಿಗೆ ನಾನು ಅವನ ಅಪ್ಪನಿಂದ ಬಂದೆ. ಒಂದು ವಿಮೆ ಕಚೇರಿಯ ಕಾಂಪೌಂಡಿಗೆ ಒರಗಿದಂತೆ ನಮ್ಮ ತಳ್ಳುಗಾಡಿ. ಕಚೇರಿಯ ಅರವತ್ತು ಮಂದಿಯ ಪ್ಯಾಂಟುಗಳಿಗೆ ಗೆರೆ ಕೂರಿಸಿದ್ದು ನಾವಿಬ್ಬರೇ. ಗೆರೆ ಎರಡಾದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಆಮೇಲೆ ಕಚೇರಿಯವರು ಶುಕ್ರವಾರ ಮಾತ್ರ ಟೀ ಶರ್ಟು ಹಾಕಬಹುದು ಎಂದರು. ಬರಬರುತ್ತಾ ವಾರವೆಲ್ಲ ಶುಕ್ರವಾರವಾಯಿತು. ಜೀನ್ಸಿಗೆ ಇಸ್ತ್ರಿ ಬೇಡವಂತೆ, ಸುಕ್ಕೇ ಸೊಗಸಂತೆ! ಗಂಟುಗಟ್ಟಲೆ ಬರುತ್ತಿದ್ದ ಬಟ್ಟೆ ಕೈಚೀಲಕ್ಕಿಳಿಯಿತು.

ಕಚೇರಿಯ ವಾರ್ಷಿಕೋತ್ಸವಕ್ಕೆ ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು ಬಂತು. ಹೊಸ ಮ್ಯಾನೇಜರ್ ಸುಹಾಸ್ ಅರವತ್ತನ್ನೂ ಗಾಡಿಯ ಮೇಲಿಟ್ಟ.

"ಇದು ಚೆನ್ನಾಗ್ ಬಂದ್ರೆ ತಿಂಗಳು ತಿಂಗಳೂ ನಿಂಗೇ ಕೊಡ್ತೀವಿ, ಚೌಡಪ್ಪ."

ಚೌಡಪ್ಪ ಸಂಭ್ರಮದಿಂದ ನನಗೆ ಹೊಟ್ಟೆ ತುಂಬ ಕೆಂಡ ಹಾಕಿದ. ಮೊದಲನೆಯದು ಮ್ಯಾನೇಜರನದೇ. ಎದೆಯ ಮೇಲೆ ಅಚ್ಚಾಗಿದ್ದ ಕಂಪನಿಯ ಗುರುತು ಸುಕ್ಕಾಗಿತ್ತು. ಕಾಟನ್ ಷರ್ಟಿನ ಜೇಬನ್ನು ಒತ್ತುವಂತೆ ಅದನ್ನೂ ಒತ್ತಿದ. ಇಂಥ ಅಚ್ಚಿನ ಬಟ್ಟೆಯನ್ನು ಒಳಮೈ ಹೊರಗೆ ತಿರುವಿ ಒತ್ತಬೇಕೆಂದು ಅವನಿಗೆ ಯಾರು ಹೇಳಿಕೊಟ್ಟಿದ್ದರು? ಎತ್ತಿ ನೋಡಿದರೆ ಗುರುತು ಕರಗಿ ನನ್ನ ತಳಕ್ಕೆ ಮೆತ್ತಿಕೊಂಡಿತ್ತು.

"ನಲವತ್ತು ವರ್ಷದಿಂದ ಮಾಡ್ತಿದೀನಿ ಅಂತೀಯ, ಒಂದು ಟೀ ಶರ್ಟ್ ಮಾಡಕ್ಕೆ ಬರಲ್ವಾ?" ಎಂದ ಸುಹಾಸ್, ಉಳಿದವನ್ನೆಲ್ಲ ಬಾಚಿಕೊಂಡು ಒಳಗೆ ಹೋದ. ಚೌಡಪ್ಪ ನನ್ನ ತಳಕ್ಕೆ ಮೆತ್ತಿದ್ದನ್ನು ಕೆರೆಯತೊಡಗಿದ. ನನಗಾದರೂ ಬೈದಿದ್ದರೆ ಚೆನ್ನಾಗಿತ್ತು. ಅಂದು ನನಗಾದ ನಾಚಿಕೆ ಅಷ್ಟಿಷ್ಟಲ್ಲ.

ಎರಡು ತಿಂಗಳಾಗುವುದರೊಳಗೆ ಗಾಡಿ ಮಾರಿಹೋಯಿತು. ಚೌಡಪ್ಪ ಅದೇ ಕಚೇರಿಯ ಗೇಟಿನಲ್ಲಿ ಕಾವಲಿಗೆ ನಿಂತ. ನೀಲಿ ಷರ್ಟು, ಕಪ್ಪು ಪ್ಯಾಂಟು, ಕೊರಳಿಗೊಂದು ಟೈ. ಡ್ರೆಸ್ಸು ಗರಿಗರಿಯಾಗಿರಬೇಕು, ಇಲ್ಲದಿದ್ದರೆ ಬರಲೇಬೇಡ ಎಂದು ಸುಹಾಸ್‌ನ ತಾಕೀತು. ತಾನು ಮಾತ್ರ ಚಡ್ಡಿಯಲ್ಲೇ ಬರುತ್ತಾನೆ, ಚೌಡಪ್ಪ ಸಲ್ಯೂಟ್ ಹೊಡೆಯಬೇಕು.

ನಾನೀಗ ಮನೆಯ ಮೂಲೆಯಲ್ಲಿದ್ದೇನೆ. ದಿನಕ್ಕೆ ನಾಲ್ಕು ಕೆಂಡ, ಒಂದೇ ಜೊತೆ ಬಟ್ಟೆ. ನಿನ್ನೆ ಸಂಜೆ ಹೆಂಡತಿ ಗಿರಿಜಮ್ಮ ನಿಂತು ನಿಂತು ಊದಿದ ಅವನ ಕಾಲಿಗೆ ಎಣ್ಣೆ ತಿಕ್ಕುತ್ತಾ, "ಕುರ್ಚಿ ಕೊಟ್ಟವ್ರಲ್ಲ, ಒಸಿ ಕೂತ್ಕಬಾರ್ದಾ?" ಎಂದಳು.

"ಕೂತ್ರೆ ಮಂಡಿ ಹತ್ರ ಗೆರೆ ಹೋಗ್ತದೆ ಕಣೆ" ಎಂದ ಚೌಡಪ್ಪ.