ಸಾಮಿಲ್ ಹಬ್ಬದ ದಿನ ಒಬ್ರೆನ್‌ಗೆ ಕುಡಿಸಿದ್ದು

ದ್ರಿನಾ ನದಿಯ ದಂಡೆಯ ನಮ್ಮೂರ ಸಾಮಿಲ್‌ನಲ್ಲಿ ಬೆಳಗಿನ ರಾಕಿಯಾವನ್ನು ಯಾರೂ ಕುಡಿತವೆಂದು ಕರೆಯುವುದಿಲ್ಲ. ಮನೆಯಲ್ಲೇ ಪ್ಲಮ್ ಹಣ್ಣಿನಿಂದ ಬಟ್ಟಿ ಇಳಿಸಿದ್ದು, ಮೈ ಬಿಸಿಯಾಗಲು ಒಂದು ಗುಟುಕು, ಅಷ್ಟೇ ಎನ್ನುತ್ತಾರೆ. ಗರಗಸ ನಡೆಸುವ ಒಬ್ರೆನ್ ಆ ಗುಟುಕಿನಿಂದಲೇ ಶುರುಮಾಡಿದವನು. ಕೊನೆಗೆ, ಬೆಳಿಗ್ಗೆ ಕುಡಿಯದೆ ಷರ್ಟಿನ ಗುಂಡಿ ಹಾಕಲೂ ಅವನ ಕೈ ನಿಲ್ಲುತ್ತಿರಲಿಲ್ಲ. ಬೇಸಿಗೆಯಲ್ಲಿ ಹೆಂಡತಿ ದೆಸಾಂಕಾ ಅವನನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿದಳು. ವಾಸಿಯಾಗಿ ಬಂದ ಮೇಲೆ ಒಬ್ರೆನ್ ಕುಡಿದಿರಲಿಲ್ಲ. ಬೆಳಿಗ್ಗೆ ಲೋಟ ಕೈಯಿಂದ ಕೈಗೆ ದಾಟುವಾಗ ಗರಗಸಕ್ಕೆ ಎಣ್ಣೆ ಬಿಡುವ ನೆಪದಲ್ಲಿ ಎದ್ದುಹೋಗುತ್ತಿದ್ದ.

ಡಿಸೆಂಬರಿನಲ್ಲಿ ಸಂತ ನಿಕೋಲನ ಹಬ್ಬ ಬಂತು. ಸಾಮಿಲ್ಲನ್ನು ಕಾಯುವ ಸಂತ ಅವನೇ. ಮೇಣದಬತ್ತಿ ಹಚ್ಚಿ, ಸಿಹಿ ಗೋಧಿ ಹಂಚಿದ ಮೇಲೆ ಎಲ್ಲರೂ ಲೋಟ ಎತ್ತಬೇಕು. ರಾಕಿಯಾ ಸುರಿಯುತ್ತಿದ್ದವನು ಮೇಸ್ತ್ರಿ ತಿಹೋಮಿರ್, ದೆಸಾಂಕಾಳ ಅಣ್ಣ.

"ನಂಗೆ ಬೇಡ ಭಾವ. ಜ್ಯೂಸ್ ಕೊಡು," ಎಂದ ಒಬ್ರೆನ್.

"ಸಂತನ ಹೆಸರಲ್ಲಿ ಜ್ಯೂಸಾ? ಇದೇನು ಮಕ್ಕಳ ಹುಟ್ಟುಹಬ್ಬವಾ?"

"ಆಸ್ಪತ್ರೆಯೋರು ಬಾಯಿಗೆ ಹೊಲಿಗೆ ಹಾಕಿ ಕಳ್ಸಿದಾರೆ, ಬಿಡಪ್ಪ," ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

ಹಬ್ಬಕ್ಕೆ ಬಂದಿದ್ದ ಆರೋಗ್ಯ ಕೇಂದ್ರದ ನರ್ಸ್ ಝಿವಾನಾ ನಗಲಿಲ್ಲ. "ತಿಹೋಮಿರಣ್ಣ, ಅವರನ್ನ ಬಲವಂತ ಮಾಡ್ಬೇಡಿ. ಚಟ ಬಿಟ್ಟವರ ಮೆದುಳು ಆ ರುಚಿನ ಮರೆತಿರಲ್ಲ. ಒಂದು ಗುಟುಕು ಒಳಗೆ ಹೋದ್ರೆ ಇನ್ನೊಂದು ಕೇಳುತ್ತೆ."

"ಅದು ಅಂಗಡಿ ಸರಕು ಕುಡಿದೋರಿಗೆ, ನರ್ಸಮ್ಮ. ಇದು ನಮ್ಮ ತೋಟದ ಹಣ್ಣಿಂದು, ಔಷಧಿ ಇದ್ದಂಗೆ."

"ಒಳಗಿರೋ ಆಲ್ಕೋಹಾಲ್ ಎರಡರಲ್ಲೂ ಒಂದೇ. ಅದು ಯಾರ ತೋಟದ್ದು ಅಂತ ರಕ್ತ ವಿಚಾರಿಸಲ್ಲ. ಅದೂ ಅಲ್ದೆ ಊಟ ಆದ್ಮೇಲೆ ಮಿಷನ್ ಓಡಿಸ್ತೀರಂತೆ?"

"ಸಂಜೆ ಲಾರಿ ಬರುತ್ತೆ. ಇಷ್ಟು ವರ್ಷ ಕುಡಿದೇ ಓಡ್ಸಿದೀವಿ, ಏನಾಗಿದೆ ನಮಗೆ?" ತಿಹೋಮಿರ್ ಒಬ್ರೆನ್ ಕಡೆ ತಿರುಗಿದ. "ಕುಡಿಯಲ್ಲ ಅಂದ್ರೆ ನಮ್ಮ ಸಾಲಲ್ಲಿ ಕೂರ್ಬೇಡ. ನೀನು ದೊಡ್ಡವನಾಗ್ಬಿಟ್ಟೆ."

ಒಬ್ರೆನ್ ಲೋಟ ತೆಗೆದುಕೊಂಡ. ಎಲ್ಲರೂ ಅವನ ಭುಜ ತಟ್ಟಿದರು. ಆಮೇಲಿನ ಲೋಟಗಳನ್ನು ಅವನೇ ಸುರಿದುಕೊಂಡ.

ಮಧ್ಯಾಹ್ನ ಗರಗಸದ ಕೆಳಗೆ ತೊಗಟೆ ಸಿಕ್ಕಿಕೊಂಡಿತು. ತಿಹೋಮಿರ್ ಮಿಷನ್ ನಿಲ್ಲಿಸಲು ಹೇಳಿ, ಬಗ್ಗಿ ಅದನ್ನು ಎಳೆಯುತ್ತಿದ್ದ. ಯಾರೋ "ಹೂಂ, ಹಾಕು" ಅಂದಂತೆ ಒಬ್ರೆನ್‌ಗೆ ಕೇಳಿಸಿತಂತೆ. ಯಾರೂ ಅಂದಿರಲಿಲ್ಲ. ಅವನು ಸ್ವಿಚ್ ಹಾಕಿದ. ತಿಹೋಮಿರ್‌ನ ಬಲಗೈ ಮಣಿಕಟ್ಟಿನವರೆಗೆ ತುಂಡಾಗಿ ಹೋಯಿತು.

ಮಾಲೀಕರು ಮರುದಿನವೇ ಒಬ್ರೆನ್‌ನನ್ನು ಕೆಲಸದಿಂದ ತೆಗೆದರು. ಕುಡಿಸಿದವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಒಬ್ರೆನ್ ಹಗಲೂ ರಾತ್ರಿಯೂ ಕುಡಿಯತೊಡಗಿದ.

ದೆಸಾಂಕಾ ಆಸ್ಪತ್ರೆಗೆ ಹೋದಳು. ಅಣ್ಣ ಬ್ಯಾಂಡೇಜ್ ಸುತ್ತಿದ ತೋಳು ಮುಂದೆ ಮಾಡಿ, "ನಿನ್ನ ಗಂಡ ಮಾಡಿದ್ದು ನೋಡು," ಎಂದ.

"ನೋಡ್ದೆ. ಅವನು ಅಷ್ಟು ದಿನ ಒಬ್ಬನೇ ತಡ್ಕೊಂಡ, ಅಣ್ಣ. ನೀವು ಅಷ್ಟು ಜನ ಸೇರಿ ಒಂದು ದಿನ ತಡ್ಕೊಳ್ಳೋಕಾಗ್ಲಿಲ್ಲ."

ತಿಹೋಮಿರ್ ಗೋಡೆಯ ಕಡೆ ಮುಖ ಮಾಡಿದ. ಆಮೇಲೆ ಈ ಕಡೆ ತಿರುಗಿ, "ಝಿವಾನಾನ ಕರ್ಕೊಂಡ್ ಬಾ. ಅವನನ್ನ ಮತ್ತೆ ಆಸ್ಪತ್ರೆಗೆ ಸೇರಿಸ್ಬೇಕಂದ್ರೆ ಏನ್ಮಾಡ್ಬೇಕು ಕೇಳೋಣ," ಎಂದ.

ಮಾಲೀಕರ ಹತ್ತಿರ ತಿಹೋಮಿರನೇ ಹೋದ. ಸುರಿದವನು ನಾನು ಎಂದ. ಈಗ ಸಾಮಿಲ್‌ನೊಳಗೆ ಬಾಟಲಿ ಬರುವಂತಿಲ್ಲ, ಹಬ್ಬದ ದಿನ ಮಿಷನ್ ಓಡಿಸುವಂತಿಲ್ಲ. ಒಬ್ರೆನ್ ಚಿಕಿತ್ಸೆಯಲ್ಲಿದ್ದಾನೆ. ಮೊದಲ ಸಲ ಇನ್ನು ಕುಡಿಯಲ್ಲ ಎಂದು ದೆಸಾಂಕಾಗೆ ಮಾತು ಕೊಟ್ಟಿದ್ದ, ಈ ಸಲ ಯಾರಿಗೂ ಕೊಟ್ಟಿಲ್ಲ. ದೆಸಾಂಕಾಳೂ ಕೇಳಿಲ್ಲ.

ಓದುವವರೇ, ನಿಮ್ಮ ಕಾರ್ಖಾನೆಯಲ್ಲಿ, ಗ್ಯಾರೇಜಿನಲ್ಲಿ, ನಿಮ್ಮ ಮನೆಯ ಮದುವೆಯಲ್ಲಿ ಒಬ್ಬರು "ನನಗೆ ಬೇಡ" ಎಂದರೆ ಕಾರಣ ಕೇಳಬೇಡಿ, ನಗಬೇಡಿ. ಕುಡಿದವರ ಕೈಗೆ ಯಂತ್ರ ಕೊಡಬೇಡಿ, ನೀವು ಕುಡಿದಿದ್ದರೆ ನೀವೂ ಮುಟ್ಟಬೇಡಿ. ಚಟ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಚಟ ಇರುವವರ ಜೊತೆ ನೀವೇ ಹೋಗಿ. ಕುಡಿತ ಬಿಟ್ಟು ಬಂದವರಿಗೆ ನಿಮ್ಮ ಸಾಲಿನಲ್ಲಿ ಜಾಗ ಕೊಡಿ, ಅವರ ಲೋಟದಲ್ಲಿ ನೀರೇ ಇರಲಿ.